ಮಾತಿಲ್ಲದ ಊಟ ಊಟವಲ್ಲ

ನಾನು ಇಟಲಿಗೆ ಹೊರಟಿದ್ದೇನೆಂದು ತಿಳಿಸಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ಊಟಕ್ಕೇನು ಗತಿಯೋ ತಮ್ಮಾ?” ಎಂಬುದು. ರೋಮಿನ ಪ್ರಾಚೀನ ವೈಭವವಾಗಲಿ, ಫ್ಲಾರೆನ್ಸಿನ ಚಿತ್ರಶಾಲೆಗಳಾಗಲಿ, ವೆನಿಸ್ಸಿನ ಜಲಮಾರ್ಗಗಳಾಗಲಿ ಅವಳ ಗಣನೆಗೆ ಬರಲಿಲ್ಲ. ಹೊರಡುವ ಮುನ್ನಾದಿನ ನನ್ನ ಪೆಟ್ಟಿಗೆಯಿಂದ ಎರಡು ದಪ್ಪ ಪುಸ್ತಕಗಳನ್ನು ನಿರ್ದಾಕ್ಷಿಣ್ಯವಾಗಿ ಹೊರತೆಗೆದು, ಆ ಜಾಗದಲ್ಲಿ ಚಟ್ನಿಪುಡಿ, ಹಲಸಿನ ಹಪ್ಪಳ ಮತ್ತು ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಸೇರಿಸಿದಳು. “ಏನೂ ಸಿಕ್ಕದಿದ್ದರೆ ಅನ್ನ ಬೇಯಿಸಿಕೊಂಡು ಇದನ್ನು ನಂಜಿಕೊ” ಎಂದಳು. ಆ ಉಪ್ಪಿನಕಾಯಿ ಮುಂದೆ ಏನು ಕೆಲಸ ಮಾಡೀತೆಂಬುದು ಅವಳಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ನಾನು ಹೋದುದು ಪ್ರವಾಸಿಯಾಗಿ ಅಲ್ಲ, ಸ್ವಯಂಸೇವಕನಾಗಿ. ದಿನಕ್ಕೆ ಐದಾರು ಗಂಟೆ ತೋಟದ ಕೆಲಸ. ಅದಕ್ಕೆ ಪ್ರತಿಯಾಗಿ ಊಟ, ವಸತಿ ಮತ್ತು ಮನೆಯವರ ಸಹವಾಸ. ಕೂಲಿಯ ಮಾತಿಲ್ಲ. ಪರದೇಶವನ್ನು ಹೀಗೆ ಬೆವರು ಸುರಿಸಿ ನೋಡುವ ಕಲ್ಪನೆ ಯುರೋಪಿನಲ್ಲಿ ಹಳೆಯದು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬವರು ಫ್ರಾನ್ಸಿನ ವೆರ್ದನ್ ಬಳಿ ಹಾಳುಬಿದ್ದಿದ್ದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಬೇರೆ ಬೇರೆ ದೇಶಗಳ ಕೆಲವರನ್ನು ಕೂಡಿಸಿದರು. ಸ್ವಲ್ಪ ಕಾಲದ ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದ ದೇಶಗಳವರು ಜೊತೆಗೂಡಿ ಕಲ್ಲು ಹೊತ್ತರು. 1934ರ ಬಿಹಾರ ಭೂಕಂಪದ ಅನಂತರ ಅದೇ ಸೆರೆಸೋಲ್ ನಮ್ಮ ದೇಶಕ್ಕೂ ಬಂದು ಮನೆಗಳನ್ನು ಕಟ್ಟುವ ಕೆಲಸದಲ್ಲಿ ನಿಂತರು. ನನ್ನದು ಅಷ್ಟು ದೊಡ್ಡ ಸೇವೆಯಲ್ಲ. ಆಲಿವ್ ಕಾಯಿ ಕೊಯ್ಯುವುದು. ಕಾಲೇಜಿನ ರಜೆಗೆ ನನ್ನ ಗಳಿಕೆ ರಜೆಯನ್ನೂ ಜೋಡಿಸಿ, 2023ರ ಅಕ್ಟೋಬರ್ ಕೊನೆಯಿಂದ ಮೂರು ವಾರಗಳನ್ನು ಉಂಬ್ರಿಯಾ ಪ್ರಾಂತದ ಒಂದು ರೈತ ಕುಟುಂಬದಲ್ಲಿ ಕಳೆದೆನು.

ಬೆಟ್ಟದ ಮೇಲಿನ ಊರು

ಊರಿನ ಹೆಸರು ತ್ರೇವಿ. ಹೆಸರು ಕೇಳಿದೊಡನೆ ಸಹೋದ್ಯೋಗಿಗಳು, “ಕಾರಂಜಿಗೆ ನಮ್ಮ ಹೆಸರಿನಲ್ಲೂ ಒಂದು ನಾಣ್ಯ ಹಾಕು” ಎಂದರು. ಆ ಕಾರಂಜಿ ಇರುವುದು ರೋಮಿನಲ್ಲಿ. ಈ ತ್ರೇವಿ ರೋಮಿನಿಂದ ಎರಡು ಗಂಟೆಯ ರೈಲು ಪ್ರಯಾಣದಷ್ಟು ಉತ್ತರಕ್ಕಿದೆ. ಬಯಲಿನ ನಡುವೆ ಶಂಖದಂತೆ ಸುತ್ತಿಕೊಂಡು ಮೇಲೇರುವ ಕಲ್ಲಿನ ಮನೆಗಳು, ನಡುವೆ ಗಂಟೆಗೋಪುರಗಳು, ಕೆಳಗೆ ಸುತ್ತಲೂ ಬೆಳ್ಳಿ ಬೂದಿಯ ಬಣ್ಣದ ಆಲಿವ್ ತೋಟಗಳು. ಅಸ್ಸೀಸಿಯಿಂದ ಸ್ಪೊಲೇತೊವರೆಗೆ ಬೆಟ್ಟಗಳ ಇಳಿಜಾರಿನುದ್ದಕ್ಕೂ ಹಬ್ಬಿದ ಈ ತೋಟಗಳ ಸಾಲನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2018ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಊರಿನ ಸಮೀಪದ ಬೊವಾರಾದಲ್ಲಿ ಒಂದು ಮುದಿ ಆಲಿವ್ ಮರವಿದೆ. ಸಂತ ಎಮಿಲಿಯಾನೋನನ್ನು ಈ ಮರಕ್ಕೇ ಕಟ್ಟಿ ಕೊಂದರೆಂದು ಜನ ನಂಬುತ್ತಾರೆ; ಆ ಲೆಕ್ಕದಲ್ಲಿ ಮರಕ್ಕೆ 1700 ವರ್ಷ ಮೀರಿದ ವಯಸ್ಸು. ಕಾಂಡ ಸೀಳಿ ಟೊಳ್ಳಾಗಿದೆ. ಆದರೂ ಕಾಯಿ ಬಿಡುತ್ತದೆ.

ನಾನಿದ್ದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಮಗ, ಸೊಸೆ, ಪೆರೂಜಾದಲ್ಲಿ ಓದುತ್ತಿದ್ದ ಮೊಮ್ಮಗಳು, ಹೀಗೆ ನಾಲ್ವರು. ಅಜ್ಜಿಯನ್ನು ಮನೆಯವರು ಮಾತ್ರವಲ್ಲ, ಓಣಿಯವರೆಲ್ಲ “ನೊನ್ನಾ” ಎನ್ನುತ್ತಿದ್ದರು. ಇಟಾಲಿಯನ್ನಿನಲ್ಲಿ ನೊನ್ನಾ ಎಂದರೆ ಅಜ್ಜಿಯೇ. ನಾನೂ ಹಾಗೆಯೇ ಕರೆದೆನು. ಇಂಗ್ಲಿಷು ಬಲ್ಲವಳು ಮೊಮ್ಮಗಳೊಬ್ಬಳೇ. ಅವಳು ಶುಕ್ರವಾರ ಸಂಜೆ ಬಂದು ಭಾನುವಾರ ರಾತ್ರಿ ಹೋಗುವಳು. ಉಳಿದ ದಿನಗಳಲ್ಲಿ ನನ್ನ ನೂರಿನ್ನೂರು ಇಟಾಲಿಯನ್ ಪದಗಳು ಮತ್ತು ಎರಡು ಕೈಗಳೇ ನನಗೆ ಗತಿ.

ಕೆಲಸ ಕಷ್ಟದ್ದಲ್ಲ, ಆದರೆ ಬಿಡುವಿಲ್ಲದ್ದು. ಮರದ ಬುಡಕ್ಕೆ ಬಲೆ ಹಾಸಬೇಕು. ಉದ್ದ ಹಿಡಿಯ ಬಾಚಣಿಗೆಯಿಂದ ಕೊಂಬೆಗಳನ್ನು ತಲೆ ಬಾಚುವಂತೆ ಬಾಚಬೇಕು. ಬಿದ್ದ ಕಾಯಿಗಳಿಂದ ಎಲೆ ಕಡ್ಡಿಗಳನ್ನು ಆರಿಸಿ ತೆಗೆದು ಪೆಟ್ಟಿಗೆಗೆ ತುಂಬಬೇಕು. ನಮ್ಮ ಸಾಗರದ ಕಡೆ ಅಡಿಕೆಯ ಕೊನೆ ಕೊಯ್ಯುವುದೂ ಆ ದಿನಗಳಲ್ಲೇ ಮೊದಲಾಗುತ್ತದೆ. ನನ್ನ ಕೈ ಉಂಬ್ರಿಯಾದಲ್ಲಿ ಆಡುತ್ತಿದ್ದರೂ ಮನಸ್ಸು ಎಷ್ಟೋ ಸಲ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವವರ ನಡುವೆ ಹೋಗಿ ಕೂರುತ್ತಿತ್ತು.

ಮೊದಲ ಊಟದ ಪಾಠ

ಮೊದಲ ದಿನದ ಮಧ್ಯಾಹ್ನವೇ ನಾನು ಎರಡು ತಪ್ಪು ಮಾಡಿದೆನು.

ಒಂದನೆಯದು ಹೊಟ್ಟೆಗೆ ಸಂಬಂಧಿಸಿದ್ದು. ಅಜ್ಜಿ ಸ್ತ್ರಾಂಗೊತ್ಸಿ ಎಂಬ ಪಾಸ್ತಾ ಮಾಡಿದ್ದರು. ಮೊಟ್ಟೆಯಿಲ್ಲದೆ ಬರೇ ಹಿಟ್ಟು ನೀರಿನಲ್ಲಿ ನಾದಿ, ಲಟ್ಟಿಸಿ, ಉದ್ದುದ್ದ ಕೊಯ್ದ ಎಳೆಗಳು. ಷೂ ಲೇಸಿನಂತೆ ಕಾಣುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಮೇಲೆ ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಹಸಿದಿದ್ದ ನಾನು ಇದೇ ಊಟವೆಂದು ಭಾವಿಸಿ ಮೂರು ಸಲ ಬಡಿಸಿಕೊಂಡೆನು. ಅದು “ಪ್ರೀಮೊ”, ಅಂದರೆ ಒಂದನೆಯದು, ಎಂದು ತಿಳಿದದ್ದು ಆಮೇಲೆ. ಅದರ ಹಿಂದೆ ಎರಡನೆಯದು ಬಂತು, ಪಕ್ಕಕ್ಕೆ ತರಕಾರಿ ಬಂತು, ಹಣ್ಣು ಬಂತು, ಕೊನೆಗೆ ಹೆಬ್ಬೆರಳು ಗಾತ್ರದ ಬಟ್ಟಲಿನಲ್ಲಿ ಕಾಫಿ ಬಂತು. ಮದುವೆ ಮನೆಯಲ್ಲಿ ಚಿತ್ರಾನ್ನವನ್ನೇ ಹೊಟ್ಟೆ ತುಂಬ ತಿಂದು ಹೋಳಿಗೆಯ ಹೊತ್ತಿಗೆ ಕಣ್ಣು ಕಣ್ಣು ಬಿಡುವವನ ಸ್ಥಿತಿ ನನ್ನದಾಯಿತು. ಕಾಫಿ ಕುಡಿಯುವಾಗ ಮಾತ್ರ ಒಂದು ಸಮಾಧಾನ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳ ಮುಂಚೂಣಿಯಲ್ಲಿ ಇಟಲಿ ಇದೆ. ಆ ಕಾಫಿಯ ಬಹುಭಾಗ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಆ ಬಟ್ಟಲಿನಲ್ಲಿ ನಮ್ಮ ನೆರೆ ಜಿಲ್ಲೆಯ ಬೀಜವೂ ಇದ್ದೀತೆಂದುಕೊಂಡು ಕುಡಿದೆನು.

ಎರಡನೆಯ ತಪ್ಪು ಬಾಯಿಗೆ ಸಂಬಂಧಿಸಿದ್ದು. ನಾನು ಇಡೀ ಊಟದಲ್ಲಿ ಒಂದು ಮಾತನ್ನೂ ಆಡಲಿಲ್ಲ. ವಾಚಕರು ಇದನ್ನು ತಪ್ಪೆನ್ನಲಾರರು. ನಮ್ಮ ಮನೆಯಲ್ಲಿ ಎಲೆಯ ಮುಂದೆ ಕುಳಿತವರು ಮಾತನಾಡಬಾರದೆಂಬುದು ಅಪ್ಪಯ್ಯನ ಕಟ್ಟುನಿಟ್ಟು. ಬೇಕು, ಸಾಕು ಎಂಬುದನ್ನೂ ಕೈಸನ್ನೆಯಲ್ಲೇ ತಿಳಿಸಬೇಕು. ಚಿಕ್ಕಂದಿನಲ್ಲಿ ಊಟದ ನಡುವೆ ನಕ್ಕುದಕ್ಕಾಗಿ ಎಲೆ ಬಿಟ್ಟು ಎಬ್ಬಿಸಿದ ನೆನಪು ನನಗೆ ಇನ್ನೂ ಇದೆ. ಅನ್ನಕ್ಕೆ ತೋರುವ ಗೌರವವೇ ಮೌನವೆಂದು ನಾನು ತಿಳಿದಿದ್ದೆನು. ಆದರೆ ಅಜ್ಜಿಯ ಮುಖ ಕ್ಷಣಕ್ಷಣಕ್ಕೆ ಬಾಡುತ್ತಿತ್ತು. ಊಟವಾದ ಮೇಲೆ ಮೊಮ್ಮಗಳು ಮೆಲ್ಲನೆ ಕೇಳಿದಳು: “ನಿಮಗೆ ಮೈ ಸರಿಯಿಲ್ಲವೇ? ಅಥವಾ ಅಡುಗೆ ಹಿಡಿಸಲಿಲ್ಲವೇ? ನೊನ್ನಾ ನೊಂದುಕೊಂಡಿದ್ದಾರೆ.”

ನಾನು ನಮ್ಮ ಕ್ರಮವನ್ನು ವಿವರಿಸಿದೆನು. ಅವಳು ಅಜ್ಜಿಗೆ ತಿಳಿಸಿದಳು. ಅಜ್ಜಿ ಎರಡು ಕೈಗಳನ್ನೂ ಆಕಾಶಕ್ಕೆ ಎತ್ತಿ ಏನನ್ನೋ ಹೇಳಿದರು. “ಮಾತಿಲ್ಲದ ಊಟ ಊಟವಲ್ಲ, ದನಕ್ಕೆ ಮೇವು ಹಾಕಿದ ಹಾಗೆ, ಎನ್ನುತ್ತಿದ್ದಾರೆ” ಎಂದು ಮೊಮ್ಮಗಳು ನಗುತ್ತ ಅನುವಾದಿಸಿದಳು. ಊಟದ ಮೇಜಿನ ಮುಂದೆ ಮನುಷ್ಯನಿಗೆ ವಯಸ್ಸಾಗುವುದಿಲ್ಲವೆಂಬ ಗಾದೆಯೊಂದು ಅವರಲ್ಲಿದೆಯಂತೆ.

ಮೇಜಿನ ಸುತ್ತಣ ಮಾತು

ಆ ಮನೆಯಲ್ಲಿ ಊಟಕ್ಕೆ ಕೂರುವುದೆಂದರೆ ಒಂದು ಸಭೆ ಸೇರಿದಂತೆ. ಮಧ್ಯಾಹ್ನ ಒಂದು ಗಂಟೆಗೆ ಅಜ್ಜಿ ಒಲೆಯ ಬಳಿಯಿಂದ “ಆ ತಾವೊಲಾ!” ಎಂದು ಕೂಗುವರು, ಮೇಜಿಗೆ ಬನ್ನಿ ಎಂದರ್ಥ. ಕುದಿಯುವ ನೀರಿನಿಂದ ಪಾಸ್ತಾ ಬಸಿಯುವುದು ಎಲ್ಲರೂ ಬಂದು ಕುಳಿತ ಮೇಲೆಯೇ. ಮನುಷ್ಯರು ಪಾಸ್ತಾಕ್ಕಾಗಿ ಕಾಯಬಹುದು, ಪಾಸ್ತಾ ಮನುಷ್ಯರಿಗಾಗಿ ಕಾಯಬಾರದು. ತಣ್ಣಗಾದರೆ ಅದು ಮುದ್ದೆಗಟ್ಟುತ್ತದೆ. ಬಡಿಸಿದ ಮರುಕ್ಷಣ ಅಜ್ಜಿಯೂ ಒಲೆಗೆ ಹತ್ತಿರದ ತಮ್ಮ ಕುರ್ಚಿಯಲ್ಲಿ ಕುಳಿತುಬಿಡುವರು. ನಡುನಡುವೆ ಎದ್ದೇಳುವರು, ನಿಜ. ಆ ದೇಶದಲ್ಲೂ ಅಡುಗೆಮನೆಯ ದುಡಿಮೆ ಹೆಚ್ಚಾಗಿ ಹೆಂಗಸರದೇ. ಮಗರಾಯ ಒಂದು ತಟ್ಟೆ ತೊಳೆದುದನ್ನು ನಾನು ಮೂರು ವಾರದಲ್ಲಿ ಕಾಣಲಿಲ್ಲ. ಆದರೂ ಆ ಕುರ್ಚಿ ಅಜ್ಜಿಯದು. ಅವರು ಬಂದು ಕೂರುವವರೆಗೆ ಯಾರೂ ಮುಳ್ಳುಚಮಚ ಮುಟ್ಟುವಂತಿರಲಿಲ್ಲ. ಪಕ್ಕದಲ್ಲಿದ್ದ ದ್ರಾಕ್ಷಾರಸದ ಬಟ್ಟಲನ್ನು ಮಾತ್ರ ನಾನು ಕೈಮುಗಿದು ನಿವಾರಿಸಿಕೊಂಡೆನು. ಅದಕ್ಕೆ ಯಾರೂ ಬೇಸರಪಡಲಿಲ್ಲ.

ಅವರ ಮಾತು ಮೊದಮೊದಲು ನನಗೆ ಜಗಳದಂತೆ ಕೇಳುತ್ತಿತ್ತು. ನಾಲ್ವರೂ ಏಕಕಾಲಕ್ಕೆ ಮಾತನಾಡುವರು. ಎಂಟು ಕೈಗಳೂ ಆಡುವವು. ಒಂದು ರಾತ್ರಿ ತಾಯಿಮಕ್ಕಳು ಮೇಜು ಕುಟ್ಟಿ ವಾದಿಸುತ್ತಿದ್ದುದನ್ನು ಕಂಡು ಆಸ್ತಿಪಾಲಿನ ಗಲಾಟೆಯೇ ಇರಬೇಕೆಂದು ನಾನು ತಲೆ ತಗ್ಗಿಸಿ ಕುಳಿತೆನು. ವಿಚಾರಿಸಿದರೆ ಚರ್ಚೆ ನಡೆದದ್ದು, ಎಣ್ಣೆಯಲ್ಲಿ ಬಾಡಿಸಿದ ಬೆಳ್ಳುಳ್ಳಿಯನ್ನು ಗೊಜ್ಜಿನಲ್ಲಿ ಉಳಿಸಬೇಕೋ ತೆಗೆಯಬೇಕೋ ಎಂಬುದರ ಬಗ್ಗೆ! ಇವತ್ತಿನ ಊಟ ಮಾಡುತ್ತಲೇ ನಾಳೆಯ ಊಟದ ಆಲೋಚನೆ. ಅದರ ನಡುವೆ ಹಳೆಯ ಊಟಗಳ ಸ್ಮರಣೆ. 1985ರ ಚಳಿಗಾಲದ ಕಡುಹಿಮಕ್ಕೆ ಮಧ್ಯ ಇಟಲಿಯ ಅಸಂಖ್ಯಾತ ಆಲಿವ್ ಮರಗಳು ಸುಟ್ಟಂತೆ ಒಣಗಿದವು. ಅಜ್ಜಿಯ ಗಂಡ ತಮ್ಮ ತೋಟದ ಮರಗಳನ್ನು ಬುಡದವರೆಗೆ ಕಡಿದು, ಅಂದಿನ ರಾತ್ರಿ ಊಟಕ್ಕೆ ಬಂದು ಕುಳಿತು, ಒಂದು ತುತ್ತನ್ನೂ ಎತ್ತದೆ ಅತ್ತರಂತೆ. ಮರುವರ್ಷ ಬುಡಗಳಿಂದ ಚಿಗುರೊಡೆಯಿತು. ನಾವು ಈಗ ಕಾಯಿ ಬಾಚುತ್ತಿದ್ದುದು ಆ ಚಿಗುರುಗಳು ಬೆಳೆದು ಆದ ಮರಗಳಿಂದಲೇ. ಈ ಕಥೆಯನ್ನು ಅಜ್ಜಿ ಹೇಳಿದ್ದು ಬೇಳೆಯ ಸಾರಿನ ತಟ್ಟೆಯ ಮುಂದೆ. ಮೌನದ ಊಟವಾಗಿದ್ದರೆ ಅದು ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ನನ್ನ ಬಾಯಿಯನ್ನೂ ಅವರು ಬಿಡಿಸಿದರು. ತೋಟದಲ್ಲಿ ನಾನು ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುವುದನ್ನು ನೋಡಿ ಮಗನಿಗೆ ಆಶ್ಚರ್ಯ. ಊಟದ ಹೊತ್ತಿನಲ್ಲಿ ಅದರ ಮಾತು ಬಂದಾಗ ನಾನೆಂದೆನು: “ಇದನ್ನು ಕಂಡು ಬೆರಗಾದ ಇಟಲಿಯವರಲ್ಲಿ ನೀವು ಮೊದಲಿಗರಲ್ಲ.” ರೋಮಿನ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಪ್ರವಾಸಿ ಭಾರತಕ್ಕೆ ಬಂದು, ನಮ್ಮವರು ಹೀಗೆ ನೀರು ಕುಡಿಯುವ ಬಗೆಯನ್ನೂ ತನ್ನ ಪತ್ರಗಳಲ್ಲಿ ಬರೆದಿದ್ದಾನೆ. 1623ರ ನವೆಂಬರಿನಲ್ಲಿ ಅವನು ಇದ್ದುದು ವೆಂಕಟಪ್ಪ ನಾಯಕನ ರಾಜಧಾನಿಯಾದ ಇಕ್ಕೇರಿಯಲ್ಲಿ, ಎಂದರೆ ನಮ್ಮ ಮನೆಯಿಂದ ಕೂಗಳತೆಯಲ್ಲಿ. ದಾರಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಬರೆಯುತ್ತ ರಾಗವಾಗಿ ಲೆಕ್ಕ ಕಲಿಯುವುದನ್ನು ಅವನು ಕಂಡ. ಉಳ್ಳಾಲದ ರಾಣಿ ಕಾಲ್ನಡಿಗೆಯಲ್ಲಿ ಬಂದು ನೀರಿನ ಕಾಲುವೆ ತೋಡಿಸುವುದನ್ನು ಕಂಡ. “ಅವನು ನಮ್ಮೂರಿಗೆ ಬಂದು ಇದೇ ತಿಂಗಳಿಗೆ ನಾನೂರು ವರ್ಷ. ಅವನ ಭೇಟಿಗೆ ಪ್ರತಿಭೇಟಿ ಕೊಡಲು ನಾನು ಬಂದಿದ್ದೇನೆ” ಎಂದೆನು. ಮೊಮ್ಮಗಳು ಅನುವಾದಿಸಿ ಮುಗಿಸುವ ಮೊದಲೇ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮೂರವರು ಅವನಿಗೆ ಊಟಕ್ಕೇನು ಕೊಟ್ಟರು?” ಅಮ್ಮನ ಪ್ರಶ್ನೆಯೇ ಮತ್ತೊಂದು ಭಾಷೆಯಲ್ಲಿ ಕೇಳಿದಂತಾಯಿತು.

ಉಪ್ಪಿಲ್ಲದ ರೊಟ್ಟಿ

ಉಂಬ್ರಿಯಾದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ದಿನ ಮರೆತಿರಬೇಕೆಂದುಕೊಂಡೆನು. 1540ರಲ್ಲಿ ಪೋಪ್ ಮೂರನೆಯ ಪಾಲ್ ಉಪ್ಪಿನ ಕರವನ್ನು ಏರಿಸಿದಾಗ ಪೆರೂಜಾದ ಜನ ದಂಗೆಯೆದ್ದರು. ದಂಗೆ ಅಡಗಿತು, ಪೋಪನ ಕೋಟೆಯೊಂದು ಊರಿನ ನೆತ್ತಿಯ ಮೇಲೆ ಎದ್ದಿತು. ಅಂದಿನಿಂದ ಆ ಉಪ್ಪನ್ನು ಕೊಳ್ಳಬಾರದೆಂದು ಬ್ರೆಡ್ಡನ್ನು ಸಪ್ಪೆಯಾಗಿಯೇ ಮಾಡುತ್ತ ಬಂದರೆಂದು ಜನರ ಮಾತು. ವಿದ್ವಾಂಸರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಸಪ್ಪೆ ಬ್ರೆಡ್ಡು ಅದಕ್ಕೂ ಹಳೆಯದೆನ್ನುತ್ತಾರೆ. ಆದರೆ ಊಟದ ಮೇಜಿನ ಮುಂದೆ ವಿದ್ವಾಂಸರ ಮಾತನ್ನು ಕೇಳುವವರಾರು?

ಉಪ್ಪಿನ ಕರವೆಂದೊಡನೆ ನಾನು 1930ರ ದಂಡಿಯ ಕಥೆಯನ್ನೂ, ಅದೇ ವರ್ಷ ನಮ್ಮ ಅಂಕೋಲೆಯಲ್ಲಿ ಜನ ಉಪ್ಪು ತಯಾರಿಸಿ ಸರಕಾರವನ್ನು ಎದುರಿಸಿದ ಕಥೆಯನ್ನೂ ಹೇಳಿದೆನು. ಗಾಂಧೀಜಿಯ ಹೆಸರು ಕೇಳುತ್ತಲೇ ಮಗನ ಮುಖ ಅರಳಿತು. “ನಮ್ಮ ಪೆರೂಜಾದಲ್ಲೂ ಒಬ್ಬ ಗಾಂಧಿ ಇದ್ದರು” ಎಂದನು. ಅವನು ಹೇಳಿದ್ದು ಆಲ್ದೊ ಕಪಿತೀನಿಯವರ ವಿಷಯ. 1899ರಲ್ಲಿ ಪೆರೂಜಾದಲ್ಲಿ ಹುಟ್ಟಿದ ಈ ತತ್ತ್ವಜ್ಞಾನಿ ಮುಸ್ಸೋಲಿನಿಯ ಪಕ್ಷಕ್ಕೆ ಸೇರಲು ಒಪ್ಪದೆ ಪೀಸಾದ ವಿದ್ಯಾಸಂಸ್ಥೆಯಲ್ಲಿದ್ದ ಕೆಲಸವನ್ನು ಕಳೆದುಕೊಂಡರು. ಗಾಂಧೀಜಿಯ ಪ್ರಭಾವದಿಂದ ಅಹಿಂಸೆಯನ್ನು ವ್ರತವಾಗಿ ಹಿಡಿದು ಮಾಂಸಾಹಾರವನ್ನೂ ಬಿಟ್ಟರು. 1961ರ ಸೆಪ್ಟೆಂಬರ್ 24ರಂದು ಅವರು ಪೆರೂಜಾದಿಂದ ಅಸ್ಸೀಸಿಯವರೆಗೆ ಶಾಂತಿಯಾತ್ರೆಯನ್ನು ನಡೆಸಿದರು. 1968ರಲ್ಲಿ ಅವರು ತೀರಿಕೊಂಡ ಮೇಲೂ ಜನ ಆ ದಾರಿಯಲ್ಲಿ ಮತ್ತೆ ಮತ್ತೆ ನಡೆದಿದ್ದಾರೆ. ಮಾಂಸ ತಿನ್ನದ ಅತಿಥಿಗೆ ಏನು ಬಡಿಸುವುದೆಂಬ ಪ್ರಶ್ನೆ ಆ ಮನೆಯಲ್ಲಿ ಅಂದಿಗೆ ಇತ್ಯರ್ಥವಾಯಿತು. “ಕಪಿತೀನಿಯ ಊಟ” ಎಂದು ನನ್ನ ತಟ್ಟೆಗೆ ಹೆಸರಿಟ್ಟರು.

ಆ ಊಟಕ್ಕೆ ಏನೂ ಕೊರತೆಯಿರಲಿಲ್ಲ. ಕಸ್ತೆಲ್ಲೂಚ್ಚೊ ಬೆಟ್ಟದ ಸಣ್ಣ ಬೇಳೆಯ ಸಾರು; ತ್ರೇವಿಯ ಜನ ಹೆಮ್ಮೆಯಿಂದ ಬೆಳೆಯುವ ಕಪ್ಪು ಸೆಲರಿ; ತೋರ್ತಾ ಅಲ್ ತೆಸ್ತೊ ಎಂಬ ದಪ್ಪ ರೊಟ್ಟಿ. “ತೆಸ್ತೊ” ಎಂದರೆ ನಮ್ಮ ರೊಟ್ಟಿಯ ಹಂಚು! ಅದನ್ನು ಬಿಸಿಯಾಗಿಸಿ, ಹಿಟ್ಟನ್ನು ತಟ್ಟಿ ಹಾಕಿ, ಎರಡೂ ಬದಿ ಸುಟ್ಟು, ನಡುವೆ ಸೀಳಿ ಬಾಡಿಸಿದ ಸೊಪ್ಪನ್ನು ತುಂಬುವರು. ತಟ್ಟೆಯಲ್ಲಿ ಉಳಿದ ಗೊಜ್ಜನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ತಿನ್ನುವುದಕ್ಕೆ ಅವರಲ್ಲಿ “ಸ್ಕಾರ್ಪೆತ್ತಾ”, ಪುಟ್ಟ ಪಾದರಕ್ಷೆ, ಎಂಬ ಹೆಸರೇ ಇದೆ. ಬಾಳೆಲೆಯ ಮೇಲಿನ ಹುಳಿಯನ್ನು ಬೆರಳಿನಿಂದ ಸವರಿ ತಿನ್ನುವ ನನಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ.

ಎರಡನೆಯ ವಾರ ನಾನು ಅಪ್ಪೆಮಿಡಿಯ ಡಬ್ಬಿಯನ್ನು ಮೇಜಿಗೆ ತಂದೆನು. ಅಜ್ಜಿ ಒಂದು ಮಿಡಿಯನ್ನು ತುದಿಹಲ್ಲಿನಲ್ಲಿ ಕಚ್ಚಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ. ಮಿಡಿಯ ಪರಿಮಳವನ್ನು ಮೂಸಿ, ಉಪ್ಪುನೀರಿನಲ್ಲಿ ಎಷ್ಟು ದಿನ ನೆನೆಸಿದ್ದೆಂದು ಕೇಳಿದರು. ನನಗೆ ತಿಳಿದಿರಲಿಲ್ಲ. ಅವರು ಉಗ್ರಾಣದಿಂದ ತಮ್ಮ ಆಲಿವ್ ಭರಣಿಯನ್ನು ತಂದರು. ಮರದಿಂದ ಕಿತ್ತ ಆಲಿವ್ ಬಾಯಿಗಿಡಲಾರದಷ್ಟು ಕಹಿ. ವಾರಗಟ್ಟಲೆ ಉಪ್ಪುನೀರಿನಲ್ಲಿಟ್ಟರೆ ಆ ಕಹಿ ಇಳಿಯುತ್ತದೆ. ಎರಡು ಭರಣಿಗಳೂ ಅಕ್ಕಪಕ್ಕ ಕುಳಿತವು. “ನಿನ್ನ ತಾಯಿ ಕೆಲಸ ಬಲ್ಲವಳು” ಎಂದರು ಅಜ್ಜಿ. “ಅವಳೊಡನೆ ನಾನು ಮಾತನಾಡಬೇಕು.”

ಹಬ್ಬದ ದಿನ

ಆ ವರ್ಷ ನರಕ ಚತುರ್ದಶಿ ನವೆಂಬರ್ 12ರ ಭಾನುವಾರ ಬಂದಿತು. ಇಟಲಿಯಲ್ಲಿ ಭಾನುವಾರದ ಮಧ್ಯಾಹ್ನವೇ ವಾರದ ದೊಡ್ಡ ಊಟ. ಅಂದು ನಾನೂ ಒಂದು ಸಿಹಿ ಮಾಡುತ್ತೇನೆಂದು ಒಪ್ಪಿಕೊಂಡೆನು. ಶಾವಿಗೆ ಸಿಕ್ಕಲಿಲ್ಲ, ಅದರಷ್ಟೇ ತೆಳ್ಳಗಿನ ಪಾಸ್ತಾದ ಪೊಟ್ಟಣವೊಂದು ಸಿಕ್ಕಿತು. ಅದನ್ನು ನಾನು ಲಟಲಟನೆ ಮುರಿದಾಗ ಅಜ್ಜಿ ಎದೆ ಹಿಡಿದುಕೊಂಡರು. ಪಾಸ್ತಾ ಮುರಿಯುವುದು ಅಲ್ಲಿ ಅಪರಾಧಕ್ಕೆ ಸಮಾನ. ಹಾಲಿಗೆ ಹಾಕಿ ಸಕ್ಕರೆ ಸುರಿದಾಗ ಸೊಸೆ ಅಡುಗೆಮನೆಯಿಂದ ಹೊರಗೆ ನಡೆದುಬಿಟ್ಟಳು.

ಹಾಲು ತಳ ಹಿಡಿಯತೊಡಗಿತು. ಗಾಬರಿಯಿಂದ ಮನೆಗೆ ದೂರವಾಣಿ ಮಾಡಿದೆನು. ಇಂದಿನ ದೂರವಾಣಿಯಲ್ಲಿ ಮುಖವೂ ಕಾಣುತ್ತದಷ್ಟೆ. ಅಲ್ಲಿ ಬೆಳಗಿನ ಹತ್ತು. ನಮ್ಮೂರಿನಲ್ಲಿ ಮಧ್ಯಾಹ್ನ ಎರಡೂವರೆ. ಅಮ್ಮ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಮುಂದೆ ಒಂದು ಎಲೆ. “ಈಗ ಊಟಕ್ಕೆ ಕೂತೆ. ಏನಾಯ್ತೋ?” ಎಂದಳು. ಉರಿ ಸಣ್ಣದು ಮಾಡು, ತಳ ಕೆದಕಬೇಡ, ಬೇರೆ ಪಾತ್ರೆಗೆ ಬಗ್ಗಿಸು ಎಂದು ಒಂದೊಂದಾಗಿ ಹೇಳಿದಳು. ಪಾಯಸ ಉಳಿಯಿತು.

ಅಜ್ಜಿ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಅಮ್ಮ ಕೈಮುಗಿದಳು. ಅಜ್ಜಿಯೂ ಕೈಮುಗಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಏನನ್ನೋ ಕೇಳಿದರು.

“ಇವತ್ತು ನಿಮ್ಮಲ್ಲಿ ಹಬ್ಬವಲ್ಲವೇ? ಅವರು ಯಾಕೆ ಒಬ್ಬರೇ ಊಟ ಮಾಡುತ್ತಿದ್ದಾರೆ? ಉಳಿದವರೆಲ್ಲಿ?” ಎಂದು ಮೊಮ್ಮಗಳು ಅನುವಾದಿಸಿದಳು.

“ಅವರದೆಲ್ಲ ಊಟವಾಯಿತು” ಎಂದೆನು.

“ಅಡುಗೆ ಮಾಡಿದವರು ಯಾರು?”

“ಅಮ್ಮ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಷ್ಟು ಹೊತ್ತು ಅವರು ಸುಮ್ಮನಿದ್ದುದನ್ನು ನಾನು ಆವರೆಗೆ ಕಂಡಿರಲಿಲ್ಲ. ಬಳಿಕ, ಹಬ್ಬದ ದಿನ ನಿನ್ನ ತಾಯಿಗೆ ಇಷ್ಟವಾದದ್ದು ಏನು ಮಾಡುತ್ತೀರಿ ಎಂದು ಕೇಳಿದರು.

ಅಪ್ಪಯ್ಯನಿಗೆ ಇಷ್ಟವಾದದ್ದು ನನಗೆ ಗೊತ್ತು: ಹೋಳಿಗೆ, ಅದರ ಮೇಲೆ ತುಪ್ಪ. ಅಣ್ಣನಿಗೆ ಪತ್ರೊಡೆ. ನನಗೆ ಅಪ್ಪೆಹುಳಿ. ತೀರಿಹೋದ ಅಜ್ಜನಿಗೆ ಇಷ್ಟವಾಗಿದ್ದ ತಂಬುಳಿ ಯಾವುದೆಂಬುದೂ ಗೊತ್ತು. ಅವರ ತಿಥಿಯಂದು ಅದನ್ನು ಮರೆಯದೆ ಮಾಡುತ್ತೇವೆ. ಅಮ್ಮನಿಗೆ ಇಷ್ಟವಾದದ್ದು ಯಾವುದು? ಮೂವತ್ತೈದು ವರ್ಷ ಅವಳ ಕೈಯ ಅನ್ನ ಉಂಡ ನಾನು, ಕನ್ನಡದಲ್ಲಿ ಎಂ.ಎ. ಮಾಡಿ ಮಕ್ಕಳಿಗೆ ರಸಸಿದ್ಧಾಂತ ಬೋಧಿಸುವ ನಾನು, ಉತ್ತರ ತಿಳಿಯದೆ ನಿಂತೆನು. ದೂರವಾಣಿಯಲ್ಲಿ ಅಮ್ಮನನ್ನೇ ಕೇಳಿದೆನು. ಅವಳು ನಕ್ಕುಬಿಟ್ಟಳು. “ನನಗೇನೋ? ಎಲ್ಲವೂ ಆಗುತ್ತದೆ. ಪಾಯಸ ನೋಡಿಕೊ, ತಳ ಹಿಡಿದೀತು” ಎಂದಳು.

ಆ ಮಧ್ಯಾಹ್ನ ಪಾಯಸವನ್ನು ಎಲ್ಲರೂ ಮೆಚ್ಚಿದರು. ಸೊಸೆ ಎರಡು ಸಲ ಹಾಕಿಸಿಕೊಂಡಳು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

ಹೊಸ ಎಣ್ಣೆ

ಕೊನೆಯ ವಾರ ಕಾಯಿಗಳನ್ನು ಗಾಣಕ್ಕೆ ಒಯ್ದೆವು. ಕೊಯ್ದ ಕಾಯಿ ಬಹಳ ಹೊತ್ತು ಇಟ್ಟರೆ ಬಿಸಿಯೇರಿ ಹುಳಿಯುವುದರಿಂದ ಆದಷ್ಟು ಬೇಗ ಅರೆಯಬೇಕು. ಅರೆಯುವಾಗ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳುತ್ತಾರೆ. ನೂರು ಕಿಲೋ ಕಾಯಿಗೆ ಹದಿನೈದು ಕಿಲೋ ಆಸುಪಾಸು ಎಣ್ಣೆ ಬಂದರೆ ರೈತನಿಗೆ ತೃಪ್ತಿ. ವಸಂತದ ಮಳೆಗೆ ಹೂವು ಉದುರಿ ಆ ವರ್ಷ ಅವರ ಬೆಳೆ ತೆಳ್ಳಗಾಗಿತ್ತು. ಆದರೂ ಗಾಣದ ನಳಿಗೆಯಿಂದ ಹಚ್ಚಹಸುರು ಎಣ್ಣೆ ಹೊರಬಿದ್ದಾಗ ಅಲ್ಲಿ ನೆರೆದಿದ್ದ ರೈತರೆಲ್ಲ ಮಗು ಹುಟ್ಟಿದ ಸುದ್ದಿ ಕೇಳಿದವರಂತೆ ನಕ್ಕರು. ಕೆಂಡದ ಮೇಲೆ ಸುಟ್ಟ ಸಪ್ಪೆ ಬ್ರೆಡ್ಡಿಗೆ ಬೆಳ್ಳುಳ್ಳಿ ತಿಕ್ಕಿ, ಮೇಲೆ ಆ ಎಣ್ಣೆ ಸುರಿದು, ಚಿಟಿಕೆ ಉಪ್ಪು ಉದುರಿಸಿ ಕೊಟ್ಟರು. ಹುಲ್ಲಿನ ವಾಸನೆ, ಸಣ್ಣ ಕಹಿ, ಕೊನೆಗೆ ಮೆಣಸಿನಂತೆ ಗಂಟಲಿಗೆ ಕಚ್ಚುವ ಖಾರ. ಬ್ರೆಡ್ಡಿಗೆ ಉಪ್ಪು ಯಾಕೆ ಬೇಡವೆಂಬುದು ನನ್ನ ನಾಲಿಗೆಗೆ ಅಂದು ತಿಳಿಯಿತು.

ಹೊರಡುವ ದಿನ ಅಜ್ಜಿ ಒಂದು ಶೀಸೆ ಎಣ್ಣೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟರು. ಅಪ್ಪೆಮಿಡಿಯ ಡಬ್ಬಿಯಿದ್ದ ಜಾಗದಲ್ಲೇ. “ಇದು ನಿನಗಲ್ಲ, ನಿನ್ನ ತಾಯಿಗೆ” ಎಂದರು.

ಇದೆಲ್ಲ ನೆನಪಾದುದು 2025ರ ಡಿಸೆಂಬರಿನಲ್ಲಿ. ದೆಹಲಿಯಲ್ಲಿ ಸೇರಿದ್ದ ಯುನೆಸ್ಕೋ ಸಮಿತಿಯು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಇಟಲಿಯ ಅಡುಗೆಯನ್ನು ಸೇರಿಸಿತು. ಅದೇ ಅಧಿವೇಶನದಲ್ಲಿ ನಮ್ಮ ದೀಪಾವಳಿಯನ್ನೂ ಸೇರಿಸಿತು. ಅಜ್ಜಿಯ ಒಲೆಯ ಮೇಲಿನ ಆ ಪಾಯಸದಲ್ಲಿ ಎರಡೂ ಮೊದಲೇ ಸೇರಿದ್ದವು.

ಊರಿಗೆ ಬಂದ ಮೇಲೆ ನಡೆದುದನ್ನೂ ಹೇಳಿಬಿಡುತ್ತೇನೆ. ಮೊದಲು ಶಿವಮೊಗ್ಗದ ನನ್ನ ಮನೆಯಲ್ಲಿ ಈ ಕಥೆ ಹೇಳಿದಾಗ ನನ್ನ ಹೆಂಡತಿ, “ಅತ್ತೆಯವರ ಮಾತು ಹಾಗಿರಲಿ, ನನಗೇನು ಇಷ್ಟವೆಂದು ಹೇಳಿ ನೋಡೋಣ” ಎಂದಳು. ನಾನು ಹೇಳಿದ ಉತ್ತರ ತಪ್ಪಾಗಿತ್ತು. ಮುಂದಿನ ಶನಿವಾರ ಇಬ್ಬರೂ ಊರಿಗೆ ಹೋದೆವು. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಐದು ಎಲೆ ಹಾಕಿದೆನು. ಅನ್ನ, ಹುಳಿ, ಪಲ್ಯಗಳ ಪಾತ್ರೆಗಳನ್ನು ನಡುವೆ ಇಟ್ಟು, “ಅಮ್ಮ, ನೀನೂ ಕೂತುಕೊ” ಎಂದೆನು. ಅವಳು, “ನನ್ನದು ಆಮೇಲೆ ಆಗುತ್ತದೆ” ಎಂದು ಅಪ್ಪಯ್ಯನ ಮುಖ ನೋಡಿದಳು. ಅಪ್ಪಯ್ಯ ಆಪೋಶನ ತೆಗೆದುಕೊಂಡು ಎಂದಿನಂತೆ ತಲೆ ತಗ್ಗಿಸಿದರು. ಬೇಡವೆನ್ನಲಿಲ್ಲ. ಅಮ್ಮ ಎಲೆಯ ಅಂಚಿನಲ್ಲಿ, ಈಗಲೇ ಏಳುವವಳಂತೆ ಕುಳಿತಳು. ಎರಡು ಸಲ ಎದ್ದಳು. ಎರಡು ಸಲವೂ ನನ್ನ ಹೆಂಡತಿ ಕೈಹಿಡಿದು ಕೂರಿಸಿದಳು.

ಹೊಗೆಯಾಡುವ ಅನ್ನಕ್ಕೆ ತುಪ್ಪ ಹಾಕಿ ಅವಳು ಒಂದು ತುತ್ತು ತಿಂದಳು. ಇನ್ನೊಂದು ತುತ್ತು ತಿಂದಳು. ನಾನು ಮತ್ತೆ ಕೇಳಿದೆನು, “ನಿನಗೇನು ಇಷ್ಟ ಅಮ್ಮ?”

ಅವಳು ತಲೆ ಎತ್ತದೆ ಹೇಳಿದಳು: “ಬಿಸಿ ಅನ್ನ.”

ಯಾರೂ ಮಾತನಾಡಲಿಲ್ಲ. ಅಂದಿನ ಮೌನ ಅಪ್ಪಯ್ಯ ಕಲಿಸಿದ ಮೌನವಾಗಿರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಕೈಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಅಪ್ಪಯ್ಯ ಆಗಲೇ ಮಣೆಯ ಮೇಲೆ ಕುಳಿತಿದ್ದರು. ಒಲೆಯ ಕಡೆ ತಿರುಗಿ, ಸ್ವಲ್ಪ ಗಡುಸಾಗಿಯೇ, “ಬಾರೇ, ಅನ್ನ ಆರಿಹೋಗುತ್ತದೆ” ಎಂದರು.